ಕಿಟ್ ಬಿಟ್ಟು ಉದ್ರಿ ಪುಸ್ತಕ ಹಿಡಿದ ಮೇಲೆ

ಕ್ರಿಸ್‌ಮಸ್ ಕಿಟ್ ಹಂಚುವುದನ್ನು ನಿಲ್ಲಿಸಿ ಮೂರು ವರ್ಷ ದಾಟಿತು. ಈಗ ಹುಬ್ಬಳ್ಳಿಯ ನಮ್ಮ ವಿನ್ಸೆಂಟ್ ದಿ ಪೌಲ್ ಸಭೆ (ಬಡ ಮನೆಗಳಿಗೆ ನೆರವಾಗುವ ಕ್ಯಾಥೋಲಿಕ್ ಚರ್ಚಿನವರ ಸಂಘ) ನೋಡಿಕೊಳ್ಳುವ ಮನೆಯವರು ತಮ್ಮ ಓಣಿಯ ಕಿರಾಣಿ ಅಂಗಡಿಯಲ್ಲೇ ಉದ್ರಿ ಬರೆಸಿ ಸಾಮಾನು ಒಯ್ಯುತ್ತಾರೆ. ಶನಿವಾರ ಸಂಜೆ ನಾವು ಹೋಗಿ ಲೆಕ್ಕ ಚುಕ್ತಾ ಮಾಡುತ್ತೇವೆ. ಪದ್ಧತಿ ಅಂದರೆ ಇಷ್ಟೇ. ಶುರು ಮಾಡುವಾಗ ‘ಒಂದು ತಿಂಗಳು ನಡೆದರೆ ಹೆಚ್ಚು’ ಅಂದವರೇ ಜಾಸ್ತಿ ಇದ್ದರು. ಅವರಲ್ಲೇ ಕೆಲವರು ಈಗ ‘ಪುಸ್ತಕದ ನಮೂನೆ ಕಳಿಸಿ’ ಅಂತ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯಲು ಕೂತೆ. ಇಬ್ಬಿಬ್ಬರಾಗಿ ಮನೆ ಭೇಟಿ, ವಾರದ ಸಭೆ, ಗುಟ್ಟಿನ ಚೀಲ (ಯಾರು ಎಷ್ಟು ಹಾಕಿದರು ಅಂತ ಗೊತ್ತಾಗದ ಹಾಗೆ ಸಭೆಯಲ್ಲಿ ಕಾಣಿಕೆ ಕೂಡಿಸುವ ಚೀಲ) ಇವೆಲ್ಲ ಬೇರೆ ಊರಿನ ಸಭೆಯವರಿಗೆ ಗೊತ್ತಿದ್ದದ್ದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಕಿಟ್‌ಗೆ ನಮ್ಮಲ್ಲಿ ಹತ್ತಿರ ಹತ್ತಿರ ಒಂಬೈನೂರು ರೂಪಾಯಿ ಬೀಳುತ್ತಿತ್ತು. ಐದು ಕೆಜಿ ಅಕ್ಕಿ, ಒಂದು ಕೆಜಿ ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಸಕ್ಕರೆ, ಚಹಾಪುಡಿ, ಎರಡು ಸೋಪು. ಅರವತ್ತು ಚಿಲ್ಲರೆ ಮನೆ. ಕ್ರಿಸ್‌ಮಸ್‌ಗೊಮ್ಮೆ, ಈಸ್ಟರ್‌ಗೊಮ್ಮೆ. ಆಟೋ ಬಾಡಿಗೆ, ಚೀಲದ ಖರ್ಚು ಎಲ್ಲ ಸೇರಿ ವರ್ಷಕ್ಕೆ ಒಂದು ಲಕ್ಷ ಹತ್ತು ಸಾವಿರದ ಮೇಲೆ. ಇಷ್ಟು ದುಡ್ಡು ಹಾಕಿ ನಾವು ತೀರಿಸುತ್ತಿದ್ದದ್ದು ವರ್ಷದಲ್ಲಿ ಒಂದು ತಿಂಗಳ ಕಷ್ಟ. ಉಳಿದ ಹನ್ನೊಂದು ತಿಂಗಳು?

ಗದಗ ರಸ್ತೆ ಕಡೆಯ ಒಂದು ಮನೆಯಲ್ಲಿ ವಯಸ್ಸಾದ ಅವ್ವ ಒಬ್ಬರೇ ಇದ್ದರು. ಈಸ್ಟರ್ ಕಿಟ್ ಕೊಟ್ಟು ಹದಿನೈದು ದಿನ ಆದ ಮೇಲೆ ಹೋದಾಗ ಅಕ್ಕಿ ಚೀಲ ಬಿಚ್ಚಿರಲೇ ಇಲ್ಲ. ಕೇಳಿದರೆ, "ಅಕ್ಕಿ ಸೊಸೈಟ್ಯಾಗ ಬರತೈತ್ರಿ ಬಾಯಾರ. ಎಣ್ಣಿ ಮುಗದೈತಿ, ಬ್ಯಾಳಿ ಮುಗದೈತಿ. ಬರೇ ಅನ್ನ ಹೆಂಗ ಉಣ್ಣಲಿ?" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅನ್ನಭಾಗ್ಯ ಬಂದ ಮೇಲೆ ಕಾರ್ಡ್ ಇರುವ ಮನೆಗೆ ಅಕ್ಕಿ ಕೊರತೆ ಅಷ್ಟಿಲ್ಲ. ನಮ್ಮ ಕಿಟ್‌ನಲ್ಲಿ ತೂಕ ಇದ್ದದ್ದೆಲ್ಲ ಅಕ್ಕಿಯದೇ. ಎಷ್ಟೋ ಮನೆಗಳಲ್ಲಿ ಆ ಅಕ್ಕಿ ಓಣಿಗೆ ಬರುವ ವ್ಯಾಪಾರಿಗೆ ಕೆಜಿಗೆ ಹದಿನೈದು ರೂಪಾಯಿಯಂತೆ ಹೋಗುತ್ತಿತ್ತು. ನಾವು ಕೊಂಡದ್ದು ನಲವತ್ತೆಂಟಕ್ಕೆ.

ಉದ್ರಿಗೆ ಬರುವ ಮೊದಲು ಬೇರೆ ಎರಡು ದಾರಿ ನೋಡಿದೆವು. ಎರಡೂ ಕೈಕೊಟ್ಟವು. ಮೊದಲನೆಯದು ಕೂಪನ್. ನೂರು ರೂಪಾಯಿಯ ಕೂಪನ್ ಅಚ್ಚು ಹಾಕಿಸಿ, ಸೀಲ್ ಹೊಡೆದು ಕೊಟ್ಟೆವು. ಎರಡನೇ ತಿಂಗಳಿಗೇ ಕಲರ್ ಜೆರಾಕ್ಸ್ ಕೂಪನ್ ಅಂಗಡಿಗೆ ಬಂದವು. ಇನ್ನು ಕೆಲವರು ಅರವತ್ತು ರೂಪಾಯಿ ನಗದು ಇಸಿದುಕೊಂಡು ಕೂಪನ್ ಬಿಟ್ಟುಕೊಟ್ಟಿದ್ದರು. ಅಚ್ಚಿನ ಖರ್ಚು ಸೇರಿ ಆರೇಳು ಸಾವಿರ ನೀರಿಗೆ ಹೋಯಿತು. ಎರಡನೆಯದು ನೇರ ದುಡ್ಡು. ಹೆಣ್ಣುಮಕ್ಕಳ ಖಾತೆಗೇ ಐನೂರು ರೂಪಾಯಿ ಹಾಕಿದೆವು. ಒಂದು ಬ್ಯಾಂಕು ಹಳೇ ಬಾಕಿ ಅಂತ ಅದರಲ್ಲಿ ಮುನ್ನೂರು ಮುರಿದುಕೊಂಡಿತು. ಇನ್ನೊಂದು ಮನೆಯಲ್ಲಿ ಎಟಿಎಂ ಕಾರ್ಡ್ ಗಂಡನ ಕಿಸೆಯಲ್ಲಿತ್ತು. ಮುಂದಿನದು ಹೇಳಬೇಕಾಗಿಲ್ಲ, ಅಲ್ವಾ?

ಉದ್ರಿ ಪುಸ್ತಕದ ಮಾತು ಸಭೆಯಲ್ಲಿ ಎತ್ತಿದಾಗ ಬಂದ ತಕರಾರು ಮೂರು. ಗುಟ್ಕಾ, ಬೀಡಿ ಬರೆಸುತ್ತಾರೆ ಅನ್ನುವುದು ಒಂದು. ಅಂಗಡಿಯವ ಸುಳ್ಳು ಲೆಕ್ಕ ಬರೆಯುತ್ತಾನೆ ಅನ್ನುವುದು ಇನ್ನೊಂದು. ಮೂರನೆಯದನ್ನು ಹಿರಿಯರೊಬ್ಬರು ಹೇಳಿದರು: ಕೈಯಾರೆ ಕೊಡದಿದ್ದರೆ ಅದು ಸೇವೆಯೇ ಅಲ್ಲ. ಅವರಿಗೆ ನಾನು ನಮ್ಮ ಸಭೆ ಹುಟ್ಟಿದ ಕಥೆಯನ್ನೇ ನೆನಪಿಸಿದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಜೊತೆಯ ವಿದ್ಯಾರ್ಥಿಗಳು ಶುರು ಮಾಡಿದಾಗ ಅವರ ಹತ್ತಿರ ದುಡ್ಡೂ ಇರಲಿಲ್ಲ, ಅನುಭವವೂ ಇರಲಿಲ್ಲ. ಓಝನಾಮ್‌ಗೆ ಆಗ ಇಪ್ಪತ್ತು ವರ್ಷ. ಬಡ ಓಣಿಗಳಲ್ಲಿ ಮೊದಲೇ ಕೆಲಸ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರಾಂಡ್ಯು ಅವರಿಗೆ ಮನೆಗಳನ್ನು ತೋರಿಸಿ, ಕೈಗೆ ಬ್ರೆಡ್ಡಿನ ಚೀಟಿ ಕೊಟ್ಟು ಕಳಿಸಿದರು. ಚೀಟಿ ಅಂಗಡಿಗೆ, ಮಾತು ಮನೆಗೆ. ನಾವು ಮಾಡಹೊರಟಿದ್ದೂ ಅದನ್ನೇ. ಹಿರಿಯರು ಒಪ್ಪಿದರು ಅಂತ ಹೇಳಲಾರೆ, ಆದರೆ ಸುಮ್ಮನಾದರು. ಈಗ ಶನಿವಾರದ ಲೆಕ್ಕಕ್ಕೆ ನನ್ನ ಜೊತೆ ಬರುವವರು ಅವರೇ.

ಇನ್ನು ಅಂಗಡಿ. ಮೊದಲು ಹಿಡಿದದ್ದು ಸ್ವಲ್ಪ ದೊಡ್ಡ ಅಂಗಡಿ, ರಸ್ತೆ ಮೇಲಿನದು. ರೇಟು ಒಳ್ಳೆಯದಿತ್ತು. ಆದರೆ ಪುಸ್ತಕ ಅಂಗಡಿಯಲ್ಲಿ ಮಾತ್ರ ಇರುತ್ತಿತ್ತು. ಎರಡು ತಿಂಗಳಾದ ಮೇಲೆ ಒಂದು ಮನೆಗೆ ಹೋಗಿ, "ಸಕ್ಕರೆ ಭಾಳ ಖರ್ಚಾಗತೈತೇನವ್ವಾ?" ಅಂತ ಕೇಳಿದರೆ ಆಕೆ ತಬ್ಬಿಬ್ಬಾದಳು. ಆ ತಿಂಗಳು ಆಕೆ ಸಕ್ಕರೆ ಒಯ್ದಿರಲೇ ಇಲ್ಲ. ಪುಸ್ತಕದಲ್ಲಿ ಮೂರು ಕೆಜಿ ಬರೆದಿತ್ತು. ಅಂದೇ ಅಲ್ಲಿಯ ಲೆಕ್ಕ ಮುಗಿಸಿ, ಓಣಿಯ ಒಳಗಿನ ಸಣ್ಣ ಅಂಗಡಿಗೆ ಬಂದೆವು. ನಡೆಸುವವರು ಒಬ್ಬ ಅಕ್ಕ, ಗಂಡ ತೀರಿಕೊಂಡ ಮೇಲೆ ಒಬ್ಬರೇ ನಿಭಾಯಿಸುತ್ತಾರೆ. ರೇಟು ಕೆಜಿಗೆ ಒಂದೆರಡು ರೂಪಾಯಿ ಜಾಸ್ತಿ. ಆದರೆ ರಾತ್ರಿ ಒಂಬತ್ತಕ್ಕೂ ಮಗು ಎತ್ತಿಕೊಂಡು ಹೋಗಿ ಸಾಮಾನು ತರಬಹುದು. ಕೂಲಿಯಿಂದ ಬರುವ ಹೆಣ್ಣುಮಕ್ಕಳಿಗೆ ಅದೇ ದೊಡ್ಡ ಅನುಕೂಲ.

ಈಗ ಲೆಕ್ಕದ ಪ್ರತಿ ಎರಡು. ಕಾರ್ಬನ್ ಹಾಕಿ ಬರೆಯುವ ಬಿಲ್ ಬುಕ್ ಅಂಗಡಿಯಲ್ಲಿ. ಅದರ ಮೇಲಿನ ಹಾಳೆ ಹರಿದು ಮನೆಯವರ ಕೈಗೆ. ಅವರು ಅದನ್ನು ಡಬ್ಬಿಯಲ್ಲಿ ಹಾಕಿ ಇಡುತ್ತಾರೆ, ಮನೆ ಭೇಟಿಗೆ ಹೋದಾಗ ನಾವು ತಾಳೆ ನೋಡುತ್ತೇವೆ. ಓದು ಬರದವರ ಮನೆಯಲ್ಲಿ ಮಕ್ಕಳು ಓದಿ ಹೇಳುತ್ತಾರೆ. ಗುಟ್ಕಾ, ಬೀಡಿ, ಸಿಗರೇಟ್ ಬಿಟ್ಟು ಏನು ಬೇಕಾದರೂ ಬರೆಸಬಹುದು. ಅದನ್ನೂ ತಡೆಯುವವರು ಅಂಗಡಿ ಅಕ್ಕನೇ, ನಾವಲ್ಲ. ಮೂರು ವರ್ಷದಲ್ಲಿ ಇದರ ಬಗ್ಗೆ ಜಗಳ ಆದದ್ದು ನನಗೆ ನೆನಪಿಲ್ಲ.

ಮಿತಿ ಎಷ್ಟಿರಬೇಕು ಅನ್ನುವುದರಲ್ಲಿ ತುಂಬಾ ತಿಣುಕಾಡಿದೆವು. ತಿಂಗಳಿಗೆ ಆರುನೂರು ಅಂತ ಇಟ್ಟಾಗ ಮೊದಲ ವಾರದಲ್ಲೇ ಖಾಲಿ. ವಾರಕ್ಕೆ ನೂರೈವತ್ತು ಅಂದರೆ ಒಂದು ಲೀಟರ್ ಎಣ್ಣೆ ಕೊಂಡರೆ ಮತ್ತೇನೂ ಬರುವುದಿಲ್ಲ. ಕೊನೆಗೆ ವಾರಕ್ಕೆ ನೂರೈವತ್ತು, ಉಳಿದದ್ದು ಮುಂದಿನ ಒಂದು ವಾರಕ್ಕೆ ಮಾತ್ರ ಸೇರಿಕೊಳ್ಳುತ್ತದೆ ಅಂತ ಮಾಡಿದೆವು. ಒಂಟಿ ಮುದುಕರಿಗೆ ವಾರಕ್ಕೆ ನೂರು. ಈ ಒಂದು ನಿಯಮ ಸರಿಹೋದ ಮೇಲೆ ಉಳಿದದ್ದೆಲ್ಲ ತಾನಾಗಿ ಕೂತಿತು.

ಒಂದು ಮನೆಯ ವಾರದ ಚೀಟಿ ನನ್ನ ಮುಂದಿದೆ. ತೊಗರಿಬೇಳೆ ಕಾಲು ಕೆಜಿ, ಎಣ್ಣೆ ಸಣ್ಣ ಪಾಕೀಟು, ಚಹಾಪುಡಿ ಹತ್ತು ರೂಪಾಯಿದು, ಖಾರಪುಡಿ, ಬಟ್ಟೆ ಸೋಪು, ಕಡ್ಡಿಪೆಟ್ಟಿಗೆ, ಪ್ಯಾಡ್ ಒಂದು ಪಾಕೀಟು. ಈ ಕೊನೆಯದು ನಮ್ಮ ಯಾವ ಕಿಟ್‌ನಲ್ಲೂ ಇರಲಿಲ್ಲ. ಗಂಡಸರೇ ಕೂತು ಪಟ್ಟಿ ಮಾಡುತ್ತಿದ್ದಾಗ ಅದು ಯಾರಿಗೂ ಹೊಳೆದಿರಲಿಲ್ಲ. ಅಂಗಡಿ ಅಕ್ಕ ಇರುವುದರಿಂದ ಹುಡುಗಿಯರು ನಾಚಿಕೆ ಇಲ್ಲದೆ ಕೇಳುತ್ತಾರೆ.

ಚೀಟಿ ಓದುವುದನ್ನು ಕಲಿತರೆ ಮನೆಯ ಸ್ಥಿತಿ ಗೊತ್ತಾಗುತ್ತದೆ. ಬರೇ ಬಿಸ್ಕತ್ತು, ಸಕ್ಕರೆ ಬರೆಸಿದ್ದರೆ ಮನೆಯಲ್ಲಿ ಯಾರಿಗೋ ಜ್ವರ. ಎರಡು ವಾರ ಏನೂ ಬರೆಸದಿದ್ದರೆ ಗೋವಾಕ್ಕೆ ಕೆಲಸಕ್ಕೆ ಹೋಗಿದ್ದಾರೆ, ಇಲ್ಲವೇ ಏನೋ ಹೆಚ್ಚುಕಡಿಮೆ ಆಗಿದೆ. ಹೀಗೆ ಚೀಟಿ ನೋಡಿಯೇ ಒಬ್ಬ ಅಜ್ಜನ ಮನೆಗೆ ಆ ದಿನವೇ ಹೋದೆವು. ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಕಿಟ್ ಕಾಲದಲ್ಲಾದರೆ ಡಿಸೆಂಬರ್‌ವರೆಗೆ ನಮಗೆ ಸುದ್ದಿಯೇ ಸಿಗುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಬಿಚ್ಚಿ ಹೇಳಬೇಕು. ಚರ್ಚಿನವರು ಬಡವರ ಓಣಿಗೆ ಸಾಮಾನು ಹೊತ್ತು ಹೋದರೆ ಮತಾಂತರ ಅನ್ನುವ ಮಾತು ಬರುತ್ತದೆ. ನಾವು ನೋಡಿಕೊಳ್ಳುವ ಮನೆಗಳಲ್ಲಿ ಕ್ರೈಸ್ತರು ಕಾಲು ಭಾಗವೂ ಇಲ್ಲ. ಜಾತಿ ಧರ್ಮ ನೋಡದೆ ನೆರವಾಗುವುದು ನಮ್ಮ ಸಭೆಯ ನಿಯಮ. ಮನೆಯಲ್ಲಿ ನಾವು ಪ್ರಾರ್ಥನೆ ಮಾಡುವುದಿಲ್ಲ, ಪುಸ್ತಕ ಹಂಚುವುದಿಲ್ಲ. ಪ್ರಾರ್ಥನೆ ನಮ್ಮ ವಾರದ ಸಭೆಯಲ್ಲಿ. ಕಿಟ್ ಚೀಲದ ಮೇಲೆ ಶಿಲುಬೆ ಅಚ್ಚಾಗಿರುತ್ತಿತ್ತು, ಫೋಟೋ ತೆಗೆಯುತ್ತಿದ್ದರು. ಈಗ ಚೀಲವೂ ಇಲ್ಲ, ಫೋಟೋವೂ ಇಲ್ಲ. ಅಂಗಡಿ ಅಕ್ಕ ಲಿಂಗಾಯತರು, ಅವರ ಗಲ್ಲೆಯ ಮೇಲೆ ಸಿದ್ಧಾರೂಢರ ಫೋಟೋ ಇದೆ. ಬಂದ ಮನೆಯವರು ಎಲ್ಲರ ಹಾಗೆ ನಿಂತು ಸಾಮಾನು ಒಯ್ಯುತ್ತಾರೆ. ಯಾರ ಲೆಕ್ಕ ಯಾರು ಕೊಡುತ್ತಾರೆ ಅಂತ ಪಕ್ಕದಲ್ಲಿ ನಿಂತವರಿಗೂ ಗೊತ್ತಾಗುವುದಿಲ್ಲ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟಿದೆ.

ಅರವತ್ತು ಮನೆಯಿಂದ ಇಪ್ಪತ್ತೆರಡಕ್ಕೆ ಇಳಿಸಿದ್ದೀರಿ, ಉಳಿದವರ ಗತಿ ಏನು ಅಂತ ಕೇಳುತ್ತಾರೆ. ಉಳಿದವರಲ್ಲಿ ಬಹಳಷ್ಟು ಜನರಿಗೆ ಬೇಕಿದ್ದದ್ದು ಬೇಳೆಯಲ್ಲ, ಕಾಗದ. ಸರ್ಕಾರದಿಂದ ವಯಸ್ಸಾದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200, ವಿಧವಾ ವೇತನ 800, ಮನೆ ಯಜಮಾನಿಗೆ ಗೃಹಲಕ್ಷ್ಮಿ 2000. ನಾವು ಕೊಡುವ ಆರುನೂರು ಇದರ ಮುಂದೆ ಎಷ್ಟರದು? ಹೆಸರಲ್ಲಿ ಒಂದು ಅಕ್ಷರ ಆಧಾರ್‌ನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ಅಷ್ಟಕ್ಕೇ ವರ್ಷಗಟ್ಟಲೆ ನಿಂತ ಪಿಂಚಣಿಗಳಿದ್ದವು. ಪಾತ್ರೆ ತಿಕ್ಕುವವರ, ಇಟ್ಟಿಗೆ ಹೊರುವವರ ಹೆಬ್ಬೆರಳು ಸವೆದು ಬೆರಳಚ್ಚಿನ ಮಿಷನ್ ಹಿಡಿಯುವುದೇ ಇಲ್ಲ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಹೆಬ್ಬೆರಳಿನ ಬದಲು ಬೇರೆ ಬೆರಳು ಇಟ್ಟು ನೋಡಿ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೆಲಸ ಮಾಡಿದೆ. ಆಗದಿದ್ದರೆ ಕಣ್ಣು ನೋಡಿ ಗುರುತು ಹಿಡಿಯುವ ಮಿಷನ್ ಇರುವ ಕಡೆ ಹೋಗಬೇಕು. ಯಾವ ಕೇಂದ್ರಕ್ಕೆ, ಯಾವ ವಾರ, ಎಷ್ಟು ಹೊತ್ತಿಗೆ ಹೋದರೆ ಒಂದೇ ಸಲಕ್ಕೆ ಮುಗಿಯುತ್ತದೆ ಅನ್ನುವುದು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ, ಬರೆದರೆ ಅಲ್ಲೂ ಸಾಲು ಹತ್ತುತ್ತದೆ. ಈ ದಾರಿಯಲ್ಲಿ ಮೂವತ್ತರ ಹತ್ತಿರ ಮನೆಗಳಿಗೆ ಪಿಂಚಣಿಯೋ ರೇಷನ್ನೋ ಸರಿಹೋಗಿದೆ. ಮನೆಗೆ ಖರ್ಚು ಇನ್ನೂರು ಮುನ್ನೂರು, ಜೆರಾಕ್ಸ್ ಮತ್ತು ಬಸ್ಸಿಗೆ.

ನಡುವೆ ಜೋಳದ ಪ್ರಯೋಗವನ್ನೂ ಮಾಡಿದೆ. ಇಲ್ಲಿಯ ಜನಕ್ಕೆ ರೊಟ್ಟಿ ಇಲ್ಲದ ಊಟ ಊಟವಲ್ಲ. ಸುಗ್ಗಿಯಲ್ಲಿ ಅಮರಗೋಳದ ಎಪಿಎಂಸಿಯಿಂದ ಜೋಳ ಕೊಂಡು ಚರ್ಚಿನ ಹಾಲ್‌ನಲ್ಲಿ ಇಟ್ಟೆವು. ಬೇವಿನ ಎಲೆ ಹಾಕಿದರೂ ಮಳೆಗಾಲದ ಹೊತ್ತಿಗೆ ನುಸಿ ಹತ್ತಿತು. ಎರಡು ಚೀಲ ದನಕ್ಕೆ ಹಾಕಬೇಕಾಯಿತು. ಈಗ ಅಂಗಡಿ ಅಕ್ಕನೇ ಜೋಳದ ಹಿಟ್ಟು ಇಡುತ್ತಾರೆ. ಜನ ಬೇಕಾದಷ್ಟೇ ಒಯ್ಯುತ್ತಾರೆ.

ಆದರೆ ಡ್ರಮ್ಮಿನ ಪ್ರಯೋಗ ಗೆದ್ದಿತು. ಹುಬ್ಬಳ್ಳಿಯಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬರುವ ಓಣಿಗಳು ಇನ್ನೂ ಇವೆ. ಕೊಡ, ಬಕೀಟು ಮಾತ್ರ ಇರುವ ಮನೆಯಲ್ಲಿ ನೀರು ಮೂರನೇ ದಿನಕ್ಕೆ ಖಾಲಿ. ಆಮೇಲೆ ಕೂಲಿ ಬಿಟ್ಟು ನೀರಿಗೆ ಓಡಾಟ. ಬಾಯಿ ಅಗಲ ಇರುವ 200 ಲೀಟರಿನ ನೀಲಿ ಡ್ರಮ್, ಸೆಕೆಂಡ್ ಹ್ಯಾಂಡ್ ಆರುನೂರೈವತ್ತಕ್ಕೆ ಸಿಕ್ಕಿತು. ಎಂಟ್ಹತ್ತು ಮನೆಗೆ ಕೊಟ್ಟೆವು. ಒಂದು ಎಚ್ಚರಿಕೆ: ಒಳಗೆ ಮೊದಲು ಏನಿತ್ತು ಅಂತ ಕೇಳದೆ ಡ್ರಮ್ ಕೊಳ್ಳಬೇಡಿ. ಕೆಮಿಕಲ್ ಇದ್ದದ್ದನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬರುವುದಿಲ್ಲ. ತಿನ್ನುವ ಪದಾರ್ಥ ತುಂಬಿ ಬಂದದ್ದನ್ನೇ ತನ್ನಿ. ಮುಚ್ಚಳ ಬಿಗಿ ಇರಲಿ, ಇಲ್ಲವಾದರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ನನ್ನ ಲೆಕ್ಕದಲ್ಲಿ ಒಂದು ಡ್ರಮ್ ಆ ಮನೆಗೆ ತಿಂಗಳಿಗೆ ಎರಡು ಮೂರು ದಿನದ ಕೂಲಿ ಉಳಿಸುತ್ತದೆ.

ದುಡ್ಡಿನ ವಿಷಯ. ತಿಂಗಳಿಗೆ ಈಗ ಹನ್ನೆರಡು ಸಾವಿರದ ಆಸುಪಾಸು ಬೇಕು. ಗುಟ್ಟಿನ ಚೀಲದಿಂದ ಸಾವಿರದ ನಾನೂರು. ತಿಂಗಳಿಗೆ ನೂರು ರೂಪಾಯಿ ಫೋನ್‌ಪೇ ಮಾಡುವವರು ಎಪ್ಪತ್ತು ಜನ, ಹೆಚ್ಚಿನವರು ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದವರು. ರದ್ದಿ ಕೂಡಿಸಿ ಮಾರಿದ್ದರಿಂದ ಎರಡು ಸಾವಿರ. ಉಳಿದದ್ದು ಮದುವೆ, ಹುಟ್ಟುಹಬ್ಬದ ಕಾಣಿಕೆ. ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಲ್ಲಿ) ಸ್ವಲ್ಪ ಜಾಸ್ತಿ ಬರುತ್ತದೆ, ಅದನ್ನು ಜೂನ್ ತಿಂಗಳ ನೋಟ್‌ಬುಕ್, ಯೂನಿಫಾರ್ಮಿಗೆ ಎತ್ತಿಡುತ್ತೇವೆ. ಅಂಗಡಿ ಲೆಕ್ಕ ಒಂದು ಶನಿವಾರವೂ ಬಾಕಿ ಉಳಿದಿಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ. ಉದ್ರಿ ಕೊಟ್ಟು ಕೈ ಸುಟ್ಟುಕೊಂಡಿದ್ದ ಆ ಅಕ್ಕ, ಈಗ ನಮ್ಮ ಪುಸ್ತಕಕ್ಕೆ ತಾವೇ ರೇಟು ಇಳಿಸಿದ್ದಾರೆ. ನೂರಕ್ಕೆ ನಾಲ್ಕೈದು ರೂಪಾಯಿ ಉಳಿಯುತ್ತದೆ.

ಬೆಟಗೇರಿಯ ಗೆಳೆಯರು ಬರುವ ತಿಂಗಳು ಶುರು ಮಾಡುವವರಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಎರಡು ತಿಂಗಳ ಲೆಕ್ಕಕ್ಕೆ ಆಗುವಷ್ಟು ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಮೊದಲ ಪುಸ್ತಕ ಕೊಡಿ. ಐದು ಮನೆಯಿಂದ ಶುರು ಮಾಡಿ. ಅಂಗಡಿಯನ್ನು ಮನೆಯವರೇ ಆರಿಸಲಿ, ಅವರಿಗೆ ಯಾರು ಮರ್ಯಾದೆ ಕೊಟ್ಟು ಮಾತಾಡಿಸುತ್ತಾರೆ ಅಂತ ಅವರಿಗೇ ಗೊತ್ತು. ಅಂಗಡಿಯವರನ್ನು ಒಪ್ಪುವ ಮೊದಲು ನಾನು ಕೇಳುವ ಪ್ರಶ್ನೆ ಒಂದಿದೆ, ಅದನ್ನು ಎದುರು ಕೂತಾಗ ಹೇಳುತ್ತೇನೆ. ಶನಿವಾರ ಸಂಜೆ ಐದರ ಮೇಲೆ ಬನ್ನಿ, ಲೆಕ್ಕ ಹೇಗೆ ಮಾಡುತ್ತೇವೆ ಅಂತ ಅಂಗಡಿಯಲ್ಲೇ ನಿಂತು ನೋಡಬಹುದು.