ಹುಲ್ಲು ಬಿಟ್ಟ ತೋಟದಲ್ಲಿ ದ್ರಾಕ್ಷಿ ಕೊಯ್ಲು

ನಮ್ಮ ಕಡೆ ತೋಟದಲ್ಲಿ ಕಳೆ ಕಂಡರೆ ತೋಟದವನಿಗೆ ಅವಮಾನ. ದಾರಿಯಲ್ಲಿ ಹೋಗುವವರೂ ಒಂದು ಮಾತು ಅಂದುಬಿಡುತ್ತಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಈ ವೈನ್ ತೋಟದ ಉಸ್ತುವಾರಿ ನನ್ನ ಕೈಗೆ ಬಂದಾಗ ನಾನೂ ಹಾಗೇ ಇದ್ದೆ. ಸಾಲುಗಳ ನಡುವೆ ಒಂದು ಹುಲ್ಲುಕಡ್ಡಿ ಉಳಿಯದ ಹಾಗೆ ರೋಟವೇಟರ್ ಹೊಡೆಸುತ್ತಿದ್ದೆ. ಕೆಂಪು ಮಣ್ಣು ಚೊಕ್ಕವಾಗಿ ಕಾಣುತ್ತಿತ್ತು. ಮಳೆ ಬಂದರೆ ಅದೇ ಮಣ್ಣು ನೀರಿನ ಜೊತೆ ಇಳಿಜಾರಿನ ಕಡೆ ಹರಿದು ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾಲಿಟ್ಟರೆ ಸುಡುತ್ತಿತ್ತು.

ನಾನು ಬೆಳೆದದ್ದು ಬೆಂಗಳೂರು ಬ್ಲೂ ಎಂಬ ದ್ರಾಕ್ಷಿ ತಳಿಯ ಚಪ್ಪರದ ಕೆಳಗೆ. ಅಲ್ಲಿ ಎಕರೆಗೆ ಎಷ್ಟು ಟನ್ ಬಂತು ಎನ್ನುವುದೇ ಮುಖ್ಯ. ವೈನ್ ದ್ರಾಕ್ಷಿ ಹಾಗಲ್ಲ. ಇಲ್ಲಿ ಬಳ್ಳಿಯನ್ನು ತಂತಿಗೆ ನೆಟ್ಟಗೆ ಕಟ್ಟುತ್ತೇವೆ. ಎಕರೆಗೆ ನಾಲ್ಕೈದು ಟನ್ ಸಾಕು. ಗೊಂಚಲು ಜಾಸ್ತಿಯಾದರೆ ನಾವೇ ಕಿತ್ತು ಕೆಳಗೆ ಹಾಕುತ್ತೇವೆ. ಮೊದಲ ಸಲ ಹಾಗೆ ಕಿತ್ತು ಹಾಕುವಾಗ ಕೈಯೇ ಬರಲಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ತಾನೇ ಮಲಗುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲ, ಬಳ್ಳಿ ಮಲಗುವುದೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕಟಿಂಗ್ ಮಾಡುತ್ತೇವೆ. ಏಪ್ರಿಲ್‌ನಲ್ಲಿ ಮಾಡುವುದು ಕಡ್ಡಿ ಬೆಳೆಸಲು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಾಡುವುದು ಹಣ್ಣಿಗೆ. ಹಣ್ಣಿನ ಕೊಯ್ಲು ಫೆಬ್ರವರಿ, ಮಾರ್ಚ್‌ನಲ್ಲಿ.

ನನ್ನ ಕಣ್ಣು ತೆರೆಸಿದ್ದು ಹಿಟ್ಟು ತಿಗಣೆ ಎಂಬ ರಸ ಹೀರುವ ಹುಳ. ಒಂದು ವರ್ಷ ಶಿರಾಜ್ ಎಂಬ ಕೆಂಪು ವೈನ್ ತಳಿಯ ಬ್ಲಾಕಿನಲ್ಲಿ ಗೊಂಚಲಿನ ಒಳಗೆಲ್ಲಾ ಬಿಳಿ ಹತ್ತಿಯ ಹಾಗೆ ಮೆತ್ತಿಕೊಂಡಿತು. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯಿತು. ನಾನು ಔಷಧಿ ಹೊಡೆಸಿದೆ. ಹದಿನೈದು ದಿನಕ್ಕೆ ಮತ್ತೆ ಹೊಡೆಸಿದೆ. ಹುಳ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಆ ಹುಳಕ್ಕೆ ಮೈಮೇಲೆ ಮೇಣದ ಹೊದಿಕೆ ಇದೆ, ತೊಗಟೆಯ ಸಂದಿಯಲ್ಲಿ ಅವಿತು ಕೂರುತ್ತದೆ. ಔಷಧಿ ಅಲ್ಲಿಗೆ ತಲುಪುವುದಿಲ್ಲ. ಬಯಲಲ್ಲಿ ಓಡಾಡಿಕೊಂಡಿದ್ದ, ಅದನ್ನು ತಿನ್ನುವ ಹುಳಗಳೇ ಸತ್ತವು. ಆ ವರ್ಷ ಅರ್ಧ ಬ್ಲಾಕಿನ ಹಣ್ಣು ಕ್ರೇಟಿಗೆ ಹೋಗಲಿಲ್ಲ. ಆ ಗೊಂಚಲುಗಳನ್ನು ಗುಂಡಿಗೆ ಸುರಿದ ದಿನ ಮನೆಗೆ ಬಂದು ಊಟ ಮಾಡಲು ಆಗಲಿಲ್ಲ.

ಆಮೇಲೆ ಮಾಡಿದ್ದು ಇಷ್ಟು. ಏಪ್ರಿಲ್ ಕಟಿಂಗ್ ಆದ ತಕ್ಷಣ ಬಳ್ಳಿಯ ಸಡಿಲ ತೊಗಟೆಯನ್ನು ಕೈಯಿಂದ ಸುಲಿಸಿ ಸುಟ್ಟೆವು. ಕೂಲಿ ಜಾಸ್ತಿ ಹಿಡಿಯುವ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದು ಯಾವುದೂ ಪ್ರಯೋಜನವಿಲ್ಲ. ಎರಡನೆಯದು ಇರುವೆ. ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಹಸು ಕಾದ ಹಾಗೆ ಕಾಯುತ್ತವೆ. ಬಳ್ಳಿಯಿಂದ ಬಳ್ಳಿಗೆ ಹೊತ್ತುಕೊಂಡೂ ಹೋಗುತ್ತವೆ. ಕಾಂಡಕ್ಕೆ ಅಂಟಿನ ಪಟ್ಟಿ ಸುತ್ತಿ ಅವುಗಳ ದಾರಿ ತಪ್ಪಿಸಿದೆವು. ಮೂರನೆಯದಾಗಿ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳವನ್ನು ತಂದು ಬಳ್ಳಿಗೆ ಹತ್ತರಂತೆ ಬಿಟ್ಟೆವು. ತಿಗಣೆಯೇ ಅದರ ಊಟ.

ಇಲ್ಲೊಂದು ಎಚ್ಚರ ಬೇಕು. ಈ ಗುಲಗಂಜಿ ಹುಳದ ಮರಿ ನೋಡಲು ಥೇಟ್ ಹಿಟ್ಟು ತಿಗಣೆಯ ಹಾಗೇ ಇರುತ್ತದೆ, ಮೈತುಂಬಾ ಬಿಳಿ ಎಳೆಗಳು. ಮೊದಲ ವರ್ಷ ತೋಟದಲ್ಲಿ ಕೆಲಸ ಮಾಡುವ ಅಕ್ಕಂದಿರು ತಿಗಣೆ ಎಂದುಕೊಂಡು ಅವನ್ನೇ ಹೊಸಕಿ ಹಾಕುತ್ತಿದ್ದರು. ತಪ್ಪು ನನ್ನದು, ನಾನು ಹೇಳಿರಲಿಲ್ಲ. ದೊಡ್ಡದಾಗಿದ್ದು, ಎಳೆ ಉದ್ದವಿದ್ದು, ಚುರುಕಾಗಿ ಓಡಿದರೆ ಅದು ನಮ್ಮದು. ನಿಧಾನಕ್ಕೆ ಅಂಟಿಕೊಂಡಿದ್ದರೆ ತಿಗಣೆ. ಈಗ ಹೊಸಬರು ಕೆಲಸಕ್ಕೆ ಬಂದರೆ ಅಕ್ಕಂದಿರೇ ಅಂಗೈ ಮೇಲಿಟ್ಟು ತೋರಿಸಿಕೊಡುತ್ತಾರೆ.

ಈ ಹುಳಗಳು ಉಳಿಯಬೇಕಾದರೆ ತೋಟದಲ್ಲಿ ಹಸಿರು ಇರಬೇಕು. ಹೀಗಾಗಿ ರೋಟವೇಟರ್ ನಿಂತಿತು. ಜುಲೈ ಮಳೆಗೆ ಸಾಲುಗಳ ನಡುವೆ ಹುರುಳಿ ಎರಚುತ್ತೇವೆ. ಹೂ ಬಿಡುವ ಹೊತ್ತಿಗೆ ಕೊಯ್ದು ಬಳ್ಳಿಯ ಬುಡಕ್ಕೆ ಹೊದಿಸುತ್ತೇವೆ. ಬೇರಿನ ಗಂಟುಗಳಲ್ಲಿರುವ ಸಾರಜನಕ ಮಣ್ಣಿಗೆ, ಸೊಪ್ಪು ನೆರಳಿಗೆ. ತಾನೇ ಹುಟ್ಟಿದ ಹುಲ್ಲನ್ನು ಕಿತ್ತು ತೆಗೆಯುವುದಿಲ್ಲ, ಸುಮ್ನೆ ಮೇಲಿಂದ ಕತ್ತರಿಸುತ್ತೇವೆ. ಮೊದಲ ವರ್ಷ ನಮ್ಮಪ್ಪ ಬಂದು ನೋಡಿ, "ಏನಪ್ಪಾ ಇದು, ಹುರುಳಿ ಹೊಲವೋ ದ್ರಾಕ್ಷಿ ತೋಟವೋ?" ಎಂದರು. ಬುಡದ ಸೊಪ್ಪು ಸರಿಸಿ ಒಂದು ಹಿಡಿ ಮಣ್ಣು ಅವರ ಕೈಗೆ ಕೊಟ್ಟೆ. ತೇವ ಇತ್ತು, ಎರೆಹುಳ ಇತ್ತು. ಅವರು ಮಾತಾಡಲಿಲ್ಲ. ಆ ಮಣ್ಣನ್ನು ಎಲ್ಲಿಂದ ತೆಗೆದಿದ್ದೆನೋ ಅಲ್ಲೇ ಹಾಕಿ, ಮೇಲೆ ಸೊಪ್ಪು ಮುಚ್ಚಿದರು.

ನೀರಿನ ಲೆಕ್ಕವೂ ಬದಲಾಯಿತು. ಈ ತಾಲ್ಲೂಕಿನಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗುತ್ತದೆ ಎನ್ನುವ ಭರವಸೆ ಇಲ್ಲ. ವಾರಕ್ಕೆ ಮೂರು ಸಲ ಬಿಡುತ್ತಿದ್ದ ಡ್ರಿಪ್ ಈಗ ಎರಡು ಸಲಕ್ಕೆ ಇಳಿದಿದೆ. ಕೆಂಪು ತಳಿಗಳಲ್ಲಿ ಕಾಯಿ ಬಣ್ಣ ತಿರುಗುವ ಹೊತ್ತಿಗೆ ನೀರನ್ನು ಇನ್ನೂ ಕಡಿಮೆ ಮಾಡುತ್ತೇವೆ. ಹಣ್ಣು ಚಿಕ್ಕದಾಗುತ್ತದೆ. ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚುತ್ತದೆ. ವೈನಿನ ಬಣ್ಣ ಇರುವುದು ಸಿಪ್ಪೆಯಲ್ಲೇ, ಒಗರೂ ಅದರಲ್ಲಿದೆ ಅಲ್ವಾ.

ರೋಗದ ಔಷಧಿಯನ್ನು ಪೂರ್ತಿ ಬಿಟ್ಟಿಲ್ಲ. ಅಕ್ಟೋಬರ್, ನವೆಂಬರ್‌ನ ಹಿಂಗಾರು ಮಳೆಗೆ ಚಿಗುರು ಸಿಕ್ಕರೆ ಎಲೆ, ಗೊಂಚಲು ಹಾಳು ಮಾಡುವ ಡೌನಿ ರೋಗ ಕೆಲವೇ ದಿನದಲ್ಲಿ ಆವರಿಸಿಬಿಡುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಈಗಲೂ ಬೇಕು. ಆದರೆ ಅದರಲ್ಲಿರುವ ತಾಮ್ರ ಮಣ್ಣಿನಲ್ಲೇ ಉಳಿದುಕೊಳ್ಳುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರ ಮೀರಬಾರದು ಎಂಬ ಮಿತಿ ಇದೆ. ನಾನೂ ಪುಸ್ತಕದಲ್ಲಿ ಲೆಕ್ಕ ಬರೆದಿಡುತ್ತೇನೆ. ಗೊಂಚಲಿನ ಸುತ್ತ, ಬೆಳಗಿನ ಬಿಸಿಲು ಬೀಳುವ ಕಡೆಯ ಎಲೆಗಳನ್ನು ಕೀಳಿಸುತ್ತೇನೆ. ಇಬ್ಬನಿ ಬೇಗ ಆರಿದರೆ ಅರ್ಧ ರೋಗ ಅಲ್ಲೇ ನಿಂತ ಹಾಗೆ. ಬೂದಿ ರೋಗಕ್ಕೆ ಹೊಡೆಯುವ ಗಂಧಕವನ್ನು ಕೊಯ್ಲಿಗೆ 40 ದಿನ ಇರುವಾಗಲೇ ನಿಲ್ಲಿಸುತ್ತೇನೆ. ಹಣ್ಣಿನ ಮೇಲೆ ಗಂಧಕ ಉಳಿದರೆ ರಸ ಹುದುಗಿ ವೈನ್ ಆಗುವಾಗ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ.

ಕೊಯ್ಲು ಹತ್ತಿರ ಬಂದಂತೆ ನನಗೆ ನಿದ್ದೆ ಕಡಿಮೆ. ಮೊದಲು ಬಿಳಿ ತಳಿ ಸೋವಿನ್ಯೋಂ ಬ್ಲಾಂಕ್, ಕೊನೆಗೆ ಕೆಂಪು ತಳಿಗಳಾದ ಶಿರಾಜ್, ಕ್ಯಾಬರ್ನೆ. ಒಂದೊಂದು ಬ್ಲಾಕಿನಿಂದ ನೂರಿನ್ನೂರು ಹಣ್ಣು ಆರಿಸುತ್ತೇನೆ. ಸಾಲಿನ ಎರಡೂ ಬದಿಯಿಂದ, ಗೊಂಚಲಿನ ಮೇಲಿನಿಂದ, ಕೆಳಗಿನಿಂದ. ಅಂಚಿನ ಬಳ್ಳಿಗಳನ್ನು ಮುಟ್ಟುವುದಿಲ್ಲ, ಅವು ಮೊದಲೇ ಹಣ್ಣಾಗಿ ಮೋಸ ಮಾಡುತ್ತವೆ. ಹಿಂಡಿದ ರಸವನ್ನು ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದಾಗ ಶಿರಾಜ್‌ಗೆ 23, 24 ಬ್ರಿಕ್ಸ್ (ಸಕ್ಕರೆಯ ಅಳತೆ) ಬರಬೇಕು. ಆದರೆ ಬಿಸಿಲಿಗೆ ಸಕ್ಕರೆ ಬೇಗ ಏರುತ್ತದೆ, ಬೀಜ ಇನ್ನೂ ಹಸಿರೇ ಇರುತ್ತದೆ. ಅದಕ್ಕೇ ಅಗಿದು ನೋಡಬೇಕು. ಬೀಜ ಕಂದಾಗಿ, ಕಟಕ್ ಎಂದು ಮುರಿಯಬೇಕು. ಇದರಲ್ಲಿ ನಮ್ಮ ತೋಟದ ಹಿರಿಯ ಅಕ್ಕನನ್ನು ಮೀರಿಸಿದವರಿಲ್ಲ. ಬೀಜ ಉಗಿದು, "ಇನ್ನಾ ನಾಕು ದಿನ ಬಿಡಣ್ಣ, ಒಗರು ಹೋಗಿಲ್ಲ" ಎಂದರೆ ನಾನು ಮೀಟರ್ ಜೇಬಿಗೆ ಹಾಕಿಕೊಳ್ಳುತ್ತೇನೆ.

ಕೊಯ್ಯುವುದು ಬೆಳಗಿನ ಜಾವ ಐದರಿಂದ. ಹಣೆಗೆ ಟಾರ್ಚ್, ಮೈಗೆ ಸ್ವೆಟರ್. ನಂದಿ ಬೆಟ್ಟದ ಕಡೆಯ ಆ ತಣ್ಣನೆಯ ಗಾಳಿ ಹಣ್ಣಿಗೂ ಬೇಕು. ಹತ್ತು ಗಂಟೆಗೆ ಕತ್ತರಿ ಕೆಳಗೆ. ಬಿಸಿಲಲ್ಲಿ ಕೊಯ್ದ ಹಣ್ಣು ಕ್ರೇಟಿನಲ್ಲೇ ಬೆಚ್ಚಗಾಗಿ ಹುಳಿಯಲು ಶುರುವಾಗುತ್ತದೆ. ಕ್ರೇಟ್ ಅಂಚಿನವರೆಗೆ ತುಂಬಬಾರದು, ಒಂದರ ಮೇಲೊಂದು ಇಟ್ಟಾಗ ಮೇಲಿನದರ ತಳಕ್ಕೆ ಸಿಕ್ಕಿ ಹಣ್ಣು ಒಡೆಯುತ್ತದೆ. ಎಲೆ, ಒಣಗಿದ ಹಣ್ಣು, ಹಕ್ಕಿ ಕುಕ್ಕಿದ ಹಣ್ಣು ಸಾಲಿನಲ್ಲೇ ಬೀಳಬೇಕು.

ವೈನರಿಯಲ್ಲಿ ಹಿಂಡಿ ಉಳಿದ ಸಿಪ್ಪೆ, ಬೀಜ, ತೊಟ್ಟು ಎಲ್ಲಾ ನನಗೇ ವಾಪಸ್ ಬರುತ್ತದೆ. ಹಸಿಯಾಗಿ ಹಾಕಿದರೆ ಹುಳಿ ಜಾಸ್ತಿ, ಬೇರಿಗೆ ಒಳ್ಳೆಯದಲ್ಲ. ಸಗಣಿ, ಬೂದಿ ಬೆರೆಸಿ ರಾಶಿ ಹಾಕಿ, ಆಗಾಗ ತಿರುವುತ್ತಾ ಐದಾರು ತಿಂಗಳು ಬಿಡುತ್ತೇವೆ. ಮಾರ್ಚ್ ಕೊನೆಗೆ ಹಾಕಿದ ರಾಶಿ ಸೆಪ್ಟೆಂಬರ್ ಹೊತ್ತಿಗೆ ಕಪ್ಪಗೆ ಪುಡಿಯಾಗಿರುತ್ತದೆ. ಹಣ್ಣಿನ ಕಟಿಂಗ್‌ಗೆ ಮೊದಲು, ಕೊಯ್ದ ಹುರುಳಿ ಸೊಪ್ಪು ಹೊದಿಸುವ ಮುನ್ನ, ಅದನ್ನು ಬುಟ್ಟಿಯಲ್ಲಿ ಹೊತ್ತು ಬುಡಬುಡಕ್ಕೆ ಹಾಕುತ್ತೇವೆ. ಶಿರಾಜ್ ಬ್ಲಾಕಿಗೆ ಮಾತ್ರ ಎರಡು ಬುಟ್ಟಿ.