ಕೊಡಗಿನ ಹೊಸ ಮನೆ: ಕಡಿಮೆ ಕರೆಂಟಿನಲ್ಲಿ ಗಾಳಿಯಾಡಿಸುವುದು ಹೇಗೆ?

ಕೊಡಗಿನಲ್ಲಿ ಈಗ ಕಟ್ಟುವ ಎಷ್ಟೋ ಮನೆಗಳಲ್ಲಿ ಮೊದಲ ಮಳೆಗಾಲಕ್ಕೇ ಬೂಷ್ಟು ಹಿಡಿಯುತ್ತದೆ. ಬೀರುವಿನ ಹಿಂದೆ, ಶೂ ಮೇಲೆ, ಮದುವೆ ಸೀರೆಯ ಮಡಿಕೆಯಲ್ಲೂ. ಹಳೆಯ ಮನೆಯಲ್ಲಿ ಹೆಂಚಿನ ಸಂದಿಯಿಂದ ಗಾಳಿ ಹೋಗುತ್ತಿತ್ತು, ಒಲೆಯ ಬಿಸಿ ಇರುತ್ತಿತ್ತು. ಆರ್‌ಸಿಸಿ ತಾರಸಿ, ಬಿಗಿಯಾದ ಯುಪಿವಿಸಿ ಕಿಟಕಿ ಬಂದ ಮೇಲೆ ತೇವಕ್ಕೆ ಹೊರಹೋಗಲು ದಾರಿಯಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ತೆರೆದಿಡಲೂ ಆಗುವುದಿಲ್ಲ, ಅಲ್ವಾ?

ತೇವ ಮಳೆಯಿಂದ ಮಾತ್ರ ಬರುವುದಿಲ್ಲ. ಒಂದು ಕೆಜಿ ಅಡುಗೆ ಗ್ಯಾಸ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತದೆ. 14.2 ಕೆಜಿಯ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿನಷ್ಟು ನೀರು ಗಾಳಿಗೆ ಸೇರಿರುತ್ತದೆ. ಜೊತೆಗೆ ಸ್ನಾನದ ಹಬೆ, ಒಳಗೇ ಒಣಹಾಕಿದ ಬಟ್ಟೆ.

ಈ ತೇವ ಹೊರಹೋಗಲು ಎಷ್ಟು ಗಾಳಿ ಬದಲಾಗಬೇಕು ಎಂದು ಮೊದಲು ಲೆಕ್ಕ ಹಾಕಿ. ಅಮೆರಿಕದ ಎಂಜಿನಿಯರುಗಳ ಸಂಘವಾದ ಆಶ್ರೇ ಮನೆಗಳ ಗಾಳಿಯಾಟಕ್ಕೆ ಮಾಡಿರುವ 62.2 ಮಾನದಂಡದ ಸೂತ್ರ ಸುಲಭ. ಮನೆಯ ಚದರಡಿಯನ್ನು 0.03ರಿಂದ ಗುಣಿಸಿ. ಬೆಡ್‌ರೂಮ್‌ಗಳ ಸಂಖ್ಯೆಗೆ ಒಂದು ಸೇರಿಸಿ 7.5ರಿಂದ ಗುಣಿಸಿ. ಎರಡನ್ನೂ ಕೂಡಿಸಿ. 1,200 ಚದರಡಿಯ, 3 ಬೆಡ್‌ರೂಮಿನ ಮನೆಗೆ 36 ಮತ್ತು 30, ಒಟ್ಟು 66. ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಸದಾ ಬದಲಾಗುತ್ತಿರಬೇಕು. ಎರಡು ಬಾತ್‌ರೂಮಿನಲ್ಲಿ ತಲಾ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಈ ಕೆಲಸ ಮಾಡುತ್ತದೆ. ಡಬ್ಬಿ ಮೇಲಿನ ಸಿಎಫ್‌ಎಂ ಎಂದರೆ ಇದೇ ಅಳತೆ. ಪೈಪ್ ಜೋಡಿಸಿದ ಮೇಲೆ ಗಾಳಿ ಕಡಿಮೆಯಾಗುತ್ತದೆ, ಹಾಗಾಗಿ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯದೇ ತನ್ನಿ.

ದಿನವಿಡೀ ಓಡುವ ಫ್ಯಾನ್ ಇದು, ವ್ಯಾಟ್ ನೋಡಿ ಕೊಳ್ಳಿ. 40 ವ್ಯಾಟಿನದು ತಿಂಗಳಿಗೆ ಸುಮಾರು 29 ಯೂನಿಟ್ ಎಳೆಯುತ್ತದೆ. 10 ವ್ಯಾಟಿನ ಡಿಸಿ ಮೋಟರ್ ಫ್ಯಾನಿಗೆ 7 ಯೂನಿಟ್ ಸಾಕು. ಕರೆಂಟ್ ಹೋದರೆ ಇನ್ವರ್ಟರಿಗೂ ಭಾರವಾಗುವುದಿಲ್ಲ.

ಫ್ಯಾನಿನ ಗಾಳಿ ಹೊರಹೋಗಲು ಪ್ಲಾಸ್ಟರಿಂಗ್‌ಗೆ ಮೊದಲೇ ಗೋಡೆಯಲ್ಲಿ 4 ಇಂಚಿನ ಪಿವಿಸಿ ಪೈಪ್ ಇಡಿಸಿ, ಹೊರಗಡೆಗೆ ಸ್ವಲ್ಪ ಇಳಿಜಾರಾಗಿ. ಮಳೆಗಾಳಿ ನೈಋತ್ಯದಿಂದ ಬೀಸುತ್ತದೆ, ಪೈಪಿನ ಬಾಯಿ ಆ ದಿಕ್ಕಿಗೆ ಬೇಡ. ಫಾಲ್ಸ್ ಸೀಲಿಂಗ್ ಮೇಲೆ ಗಾಳಿ ಬಿಟ್ಟರೆ ಬೂಷ್ಟು ಅಲ್ಲಿಗೆ ಹತ್ತುತ್ತದೆ, ಅಷ್ಟೇ.

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಗಾಳಿ ಒಳಗೆ ಬರಲೂ ದಾರಿ ಬೇಕು. ಪ್ರತಿ ಬೆಡ್‌ರೂಮಿನ ಹೊರಗೋಡೆಯ ಮೇಲ್ಭಾಗದಲ್ಲಿ ಸಣ್ಣ ಕಿಂಡಿ ಬಿಡಿಸಿ. ಅದಕ್ಕೆ ಸೊಳ್ಳೆ ಜಾಲರಿ, ಮಳೆಗೆ ಮರೆ ಇರಲಿ. ಆ ಗಾಳಿ ಬಾತ್‌ರೂಮಿನ ಫ್ಯಾನ್‌ವರೆಗೆ ಹೋಗಲು ಒಳಬಾಗಿಲುಗಳ ಕೆಳಗೆ 20 ಮಿಲಿಮೀಟರ್ ಸಂದಿ ಬಿಡಿ.

ಬಚ್ಚಲಲ್ಲಿ ಹಂಡೆ ಒಲೆ ಅಥವಾ ಗ್ಯಾಸ್ ಗೀಸರ್ ಇದೆಯೇ? ಹಾಗಾದರೆ ತುಂಬ ಎಚ್ಚರ ಬೇಕು. ಬಿಗಿಯಾದ ಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹೊಗೆಯನ್ನು ಒಳಗೇ ಎಳೆದುಕೊಳ್ಳಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಜೀವವನ್ನೇ ತೆಗೆಯುತ್ತದೆ. ಗ್ಯಾಸ್ ಗೀಸರ್ ಮನೆಯ ಹೊರಗಿರಲಿ. ಹಂಡೆ ಒಲೆಗೆ ಹೊರಗಿನಿಂದಲೇ ಸೌದೆ ಹಾಕುವಂತೆ ಕಟ್ಟಿಸಿ, ಹೊಗೆಯೂ ಹೊರಗೇ ಹೋಗಲಿ.

ಹೀಟ್ ರಿಕವರಿ ಯಂತ್ರ ಬೇಕಾ ಎಂದು ಕೆಲವರು ಕೇಳುತ್ತಾರೆ. ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವುದು ಅದರ ಕೆಲಸ. ಚಳಿ ದೇಶಗಳಿಗೆ ಅದು ಸರಿ. ಮಡಿಕೇರಿಯ ಚಳಿಗೂ ನಾವು ಇಡೀ ಮನೆಯನ್ನು ಹೀಟರ್ ಹಾಕಿ ಬಿಸಿ ಮಾಡುವುದಿಲ್ಲ. ಉಳಿಸಲು ಬಿಸಿಯೇ ಇಲ್ಲದಾಗ ಆ ಹಣ ಸುಮ್ನೆ ದಂಡ.

ಜುಲೈನಲ್ಲಿ ಹೊರಗಿನ ಗಾಳಿಯೇ ಒದ್ದೆ. ಹಾಗಾಗಿ ಫ್ಯಾನ್ ಮನೆಯೊಳಗೆ ಹುಟ್ಟಿದ ತೇವವನ್ನು ಮಾತ್ರ ತೆಗೆಯಬಲ್ಲದು. ಒದ್ದೆ ಬಟ್ಟೆಯನ್ನು ಫ್ಯಾನ್ ಇರುವ ಬಾತ್‌ರೂಮಿನಲ್ಲೇ ಹರವಿ, ಬಾಗಿಲು ಹಾಕಿ. ಬೀರುವನ್ನು ಹೊರಗೋಡೆಗೆ ತಾಗಿಸಬೇಡಿ.

ಎಲ್ಲ ಮುಗಿದ ಮೇಲೆ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ತೆಳು ಕಾಗದವೊಂದನ್ನು ಅದರ ಮುಂದೆ ಹಿಡಿಯಿರಿ. ಅಂಟಿಕೊಂಡರೆ ಗಾಳಿ ಎಳೆಯುತ್ತಿದೆ. ಬಿದ್ದುಹೋದರೆ ಕಿಂಡಿ ಮುಚ್ಚಿದೆಯಾ, ಪೈಪಿನಲ್ಲಿ ಕಸ ಕಟ್ಟಿದೆಯಾ ನೋಡಿ. ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಸ್ವಿಚ್ ಆಫ್ ಮಾಡಿ ರೆಕ್ಕೆ ಮತ್ತು ಜಾಲರಿಯ ಧೂಳು ಒರೆಸಿ.