ಪಹಣಿಯಲ್ಲಿ ಹೆಸರಿಲ್ಲದವರ ವರದಿ

ಪತ್ರಿಕೋದ್ಯಮ ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ನಾನು ನಮ್ಮ ಪಾವಗಡ ತಾಲ್ಲೂಕಿನ ಸೌರ ವಿದ್ಯುತ್ ಪಾರ್ಕನ್ನು ಆರಿಸಿಕೊಂಡೆ. ತಿರುಮಣಿ, ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸಾಮರ್ಥ್ಯದ ಈ ಪಾರ್ಕಿನ ಬಗ್ಗೆ ನಾನು ಓದಿದ್ದ ವರದಿಗಳಲ್ಲಿ ಹೆಚ್ಚಿನವು, ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟಿದ್ದನ್ನೂ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಬಾಡಿಗೆ ನಿಗದಿಯಾಗಿದ್ದನ್ನೂ ಹೇಳುತ್ತಿದ್ದವು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ, ಬೀಜದ ಹಣವೂ ಕೈಗೆ ಬಾರದ ವರ್ಷಗಳನ್ನು ಕಂಡ ಮನೆಗಳಿಗೆ ಅದು ಎಂಥ ಆಸರೆ ಎಂಬುದನ್ನು ನಾನು ಬಲ್ಲೆ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಕೆಲಸವನ್ನು ದಾಖಲೆಯಿಂದ ಆರಂಭಿಸಿದೆ. ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿದರೆ ಜಮೀನಿನ ಹಕ್ಕುದಾಖಲೆಯಾದ ಪಹಣಿ ಸಿಗುತ್ತದೆ; ಅದರ 9ನೇ ಕಾಲಂ ಮಾಲೀಕರ ಹೆಸರನ್ನೂ 11ನೇ ಕಾಲಂ ಜಮೀನಿನ ಮೇಲಿನ ಇತರೆ ಹಕ್ಕು ಮತ್ತು ಋಣಗಳನ್ನೂ ತೋರಿಸುತ್ತವೆ. ಬಾಡಿಗೆ ಯಾರಿಗೆ ಸಲ್ಲುತ್ತದೆ ಎಂಬುದು ಇಷ್ಟರಿಂದ ಬಹುಮಟ್ಟಿಗೆ ತಿಳಿಯುತ್ತದೆಯಾದರೂ, ಕಳೆ ಕಿತ್ತವರ, ಕಾಯಿ ಬಿಡಿಸಿದವರ, ಬೆಳೆ ಎತ್ತಿದ ಹೊಲದಲ್ಲಿ ಕುರಿ ಮೇಯಿಸಿದವರ ಹೆಸರು ಯಾವ ಕಾಲಮಿನಲ್ಲಿಯೂ ಇರುವುದಿಲ್ಲ. ಅವರನ್ನು ಹುಡುಕಿಯೇ ಮಾತನಾಡಿಸಬೇಕು.

ಕೂಲಿಗೆ ಹೋದವರು ಹಗಲಿನಲ್ಲಿ ಮನೆಯಲ್ಲಿರುವುದಿಲ್ಲವಾದ್ದರಿಂದ ಸಂಜೆಯ ಹೊತ್ತು ಹೋಗುತ್ತಿದ್ದೆ. ಗಡಿನಾಡಾದ ಇಲ್ಲಿ ಅನೇಕರ ಮನೆಮಾತು ತೆಲುಗು. ಅವರೊಂದಿಗೆ ತೆಲುಗಿನಲ್ಲಿಯೇ ಮಾತನಾಡಿ, ಕನ್ನಡದಲ್ಲಿ ಬರೆದುಕೊಂಡು, ಬರೆದದ್ದರ ಸಾರವನ್ನು ಮತ್ತೆ ಅವರಿಗೆ ತಿಳಿಸಿ ಒಪ್ಪಿಗೆ ಪಡೆಯುತ್ತಿದ್ದೆ. ಕಷ್ಟವೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಅದರಿಂದ ವರದಿಗೆ ಏನೂ ದಕ್ಕುವುದಿಲ್ಲ. ಕಡೆಯ ಸಲ ಕಳೆ ಕೀಳಲು ಹೋದದ್ದು ಯಾರ ಹೊಲಕ್ಕೆ, ಈಗ ಕೂಲಿಗೆ ಎಷ್ಟು ದೂರ ಹೋಗುತ್ತೀರಿ, ಪಾರ್ಕಿನಲ್ಲಿ ಹುಲ್ಲು ತೆಗೆಯುವ, ಪ್ಯಾನೆಲ್ ತೊಳೆಯುವ ಅಥವಾ ಕಾವಲಿನ ಕೆಲಸ ಮನೆಯಲ್ಲಿ ಯಾರಿಗಾದರೂ ಸಿಕ್ಕಿದೆಯೇ ಎಂದು ಬಿಡಿಬಿಡಿಯಾಗಿ ಕೇಳಿದಾಗ ಮಾತ್ರ ಬದುಕಿನ ಲೆಕ್ಕ ಸ್ಪಷ್ಟವಾಗುತ್ತಿತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ಸೇರಿಸುತ್ತಿರಲಿಲ್ಲ. ನನ್ನ ಮಾರ್ಗದರ್ಶಕರು ಪ್ರತಿ ಕರಡಿನ ಅಂಚಿನಲ್ಲಿ ‘ಯಾರು ಹೇಳಿದರು?’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ತರಗತಿಯ ಎಲ್ಲ ಪಾಠಗಳಿಗಿಂತ ಆ ಒಂದು ಪ್ರಶ್ನೆ ನನ್ನನ್ನು ಹೆಚ್ಚು ಬೆಳೆಸಿತು.

ಕೋರ್ಸಿಗೆ ಸೇರುವಾಗ ನನಗಿದ್ದದ್ದು ಬೆಂಗಳೂರಿನ ಸುದ್ದಿವಾಹಿನಿಯಲ್ಲಿ ನಿರೂಪಕಿಯಾಗುವ ಆಸೆ. ಈಗ ತಾಲ್ಲೂಕು ವರದಿಗಾರ್ತಿಯಾಗಲು ಬಯಸುತ್ತೇನೆ. ತಾಲ್ಲೂಕು ಮಟ್ಟದಲ್ಲಿ ಅರೆಕಾಲಿಕ ವರದಿಗಾರರೇ ಹೆಚ್ಚು, ಅವರ ಗೌರವಧನ ಸಂಸಾರಕ್ಕೆ ಸಾಲುವಂಥದ್ದಲ್ಲ, ಜಾಹೀರಾತು ತರುವ ಹೊರೆಯೂ ಹಲವರ ಮೇಲಿದೆ ಎಂಬುದು ತಿಳಿದೇ ಇದೆ. ಆದ್ದರಿಂದ ಮೊದಲ ಕೆಲವು ವರ್ಷ ದಿನಪತ್ರಿಕೆಯ ಡೆಸ್ಕಿನಲ್ಲಿ ಉಪಸಂಪಾದಕಿಯಾಗಿ ದುಡಿದು, ಭಾಷೆಯನ್ನೂ ಮಾನನಷ್ಟ ಕಾನೂನನ್ನೂ ಚೆನ್ನಾಗಿ ಅರಿತು, ಜೊತೆಜೊತೆಗೆ 2014ರಲ್ಲಿ ಆರಂಭವಾದ ‘ಪರಿ’ಯಂತಹ ಗ್ರಾಮೀಣ ವರದಿಗಾರಿಕೆಯ ಜಾಲತಾಣಗಳಿಗೆ ಬರೆಯುತ್ತಾ, ಬಳಿಕ ಪಾವಗಡಕ್ಕೆ ಮರಳಬೇಕೆಂದಿದ್ದೇನೆ. ಗುತ್ತಿಗೆ ದಶಕಗಳ ಅವಧಿಯದು. ವರ್ಷಕ್ಕೊಮ್ಮೆಯಾದರೂ ಅದೇ ಮನೆಗಳಿಗೆ ಹೋಗಿ, ಅದೇ ಪ್ರಶ್ನೆಗಳನ್ನು ಕೇಳಿ, ಕೂಲಿ, ವಲಸೆ ಮತ್ತು ಮಕ್ಕಳ ಓದಿನಲ್ಲಿ ಆದ ಬದಲಾವಣೆಯನ್ನು ದಾಖಲಿಸುವ ಸರಣಿಯೊಂದರ ರೂಪುರೇಷೆಯನ್ನು ಈಗಾಗಲೇ ಸಿದ್ಧಪಡಿಸಿಕೊಂಡಿದ್ದೇನೆ.